ಮ್ಯಾಂಚೆಸ್ಟರಿಗೆ ಆಟಗಾರರನ್ನು ಕಡ ಕೊಟ್ಟ ಊರು

1954ರ ಏಪ್ರಿಲ್ 10ರ ಶನಿವಾರ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಒಂದು ಲಕ್ಷ ಜನ ಸೇರಿದ್ದರು. ಅಂದು ಅಮೆಚೂರ್ ಕಪ್ಪಿನ ಫೈನಲ್ ಆಡಿದ ಎರಡು ತಂಡಗಳಲ್ಲಿ ಕಾಗದದ ಮೇಲೆ ಸಂಬಳ ಪಡೆಯುವ ಆಟಗಾರ ಒಬ್ಬನೂ ಇರಲಿಲ್ಲ. ಒಂದು ಬಿಷಪ್ ಆಕ್ಲೆಂಡ್, ಇನ್ನೊಂದು ಕ್ರೂಕ್ ಟೌನ್. ಎರಡೂ ಇಂಗ್ಲೆಂಡಿನ ಈಶಾನ್ಯದ ಡರ್ಹಮ್ ಕೌಂಟಿಯ ಊರುಗಳು, ನಡುವಿನ ದಾರಿ ಸುಮಾರು ಹತ್ತು ಕಿಲೋಮೀಟರ್. ಒಬ್ಬರ ವಿರುದ್ಧ ಒಬ್ಬರು ಆಡುವುದಕ್ಕೆಂದು ಈ ನೆರೆಹೊರೆಯವರು ನಾನೂರು ಕಿಲೋಮೀಟರ್ ದೂರದ ರಾಜಧಾನಿಗೆ ಹೋಗಿದ್ದರು, ಅವರ ಬೆನ್ನಿಗೆ ಗಣಿ ಹಳ್ಳಿಗಳ ಜನವೂ ಹೊರಟಿತ್ತು.

ಪಂದ್ಯ 2–2ರಲ್ಲಿ ನಿಂತಿತು. ಆಟದ ನಡುವೆ ಬಿಷಪ್ ಆಕ್ಲೆಂಡಿನ ಜಿಮ್ಮಿ ನಿಮ್ಮಿನ್ಸ್ ಕಾಲು ಮುರಿದುಕೊಂಡ. ಬದಲಿ ಆಟಗಾರನನ್ನು ಇಳಿಸುವ ನಿಯಮ ಆಗಿನ್ನೂ ಬಂದಿರಲಿಲ್ಲ, ಉಳಿದ ಹತ್ತು ಮಂದಿಯೇ ಕೊನೆಯವರೆಗೆ ಆಡಿದರು. ಒಂಬತ್ತು ದಿನಗಳ ನಂತರ ನ್ಯೂಕ್ಯಾಸಲ್ಲಿನ ಸೇಂಟ್ ಜೇಮ್ಸ್ ಪಾರ್ಕಿನಲ್ಲಿ ಮರುಪಂದ್ಯ ನಡೆಯಿತು. ಐವತ್ತಾರು ಸಾವಿರಕ್ಕೂ ಹೆಚ್ಚು ಜನ ಬಂದರು, ಮತ್ತೆ 2–2. ಮೂರನೆಯ ಸಲ ಮಿಡಲ್ಸ್‌ಬರೋ ಊರಿನ ಏರ್ಸಮ್ ಪಾರ್ಕಿನಲ್ಲಿ ಕ್ರೂಕ್ 1–0ಯಿಂದ ಗೆದ್ದಿತು. ಮೂರೂ ಪಂದ್ಯ ಸೇರಿಸಿದರೆ ನೋಡಿದವರು ಒಂದು ಲಕ್ಷ ತೊಂಬತ್ತು ಸಾವಿರದ ಮೇಲೆ. ಆ ಎರಡೂ ಊರುಗಳ ಮನೆಗಳನ್ನೆಲ್ಲ ಖಾಲಿ ಮಾಡಿಸಿದ್ದರೂ ಅಷ್ಟು ಜನ ಸಿಗುತ್ತಿರಲಿಲ್ಲ.

ಇಂಗ್ಲಿಷ್ ಫುಟ್‌ಬಾಲ್ ಎಂದರೆ ನಮ್ಮ ಹುಡುಗರಿಗೆ ಈಗ ಪ್ರೀಮಿಯರ್ ಲೀಗ್. ಶನಿವಾರ ಸಂಜೆ ಬೆಂಗಳೂರಿನ ಪಿಜಿಗಳಲ್ಲಿ, ಮಂಗಳೂರಿನ ಹಾಸ್ಟೆಲ್‌ಗಳಲ್ಲಿ ಆರ್ಸೆನಲ್, ಲಿವರ್‌ಪೂಲ್, ಮ್ಯಾಂಚೆಸ್ಟರ್ ಯುನೈಟೆಡ್ ಜೆರ್ಸಿ ತೊಟ್ಟು ಟಿವಿ ಮುಂದೆ ಕೂರುವವರಿಗೆ ಆ ಆಟದ ಮೇಲಿನ ಮಹಡಿ ಚೆನ್ನಾಗಿ ಗೊತ್ತು. ಪ್ರೀಮಿಯರ್ ಲೀಗಿನ 20 ತಂಡಗಳು, ಅದರ ಕೆಳಗಿನ ಮೂರು ವಿಭಾಗಗಳ 72 ತಂಡಗಳು, ಒಟ್ಟು 92. ಈ 92ರ ಆಚೆಗಿನ ಕ್ಲಬ್ಬುಗಳಿಗೆಲ್ಲ ಸೇರಿ ಅಲ್ಲಿಯವರು ನಾನ್‌ಲೀಗ್ ಎನ್ನುತ್ತಾರೆ. ಅವು ಲೀಗ್ ಆಡುವುದಿಲ್ಲ ಎಂದಲ್ಲ, ಅವುಗಳಿಗೂ ಮೆಟ್ಟಿಲು ಮೆಟ್ಟಿಲಾಗಿ ಲೀಗುಗಳಿವೆ. ಊರಿನ ಬೇಕರಿಯವ, ಕೊಳಾಯಿ ರಿಪೇರಿಯವ, ಮೇಷ್ಟರು ಆಡುವ ಹಂತದಿಂದ ಹಿಡಿದು ಪೂರ್ಣಾವಧಿ ಆಟಗಾರರಿರುವ ಹಂತದವರೆಗೆ ಎಲ್ಲವೂ ಅದರೊಳಗಿದೆ. ಬಿಷಪ್ ಆಕ್ಲೆಂಡ್ ತನ್ನ ಇತಿಹಾಸದಲ್ಲಿ ಒಮ್ಮೆಯೂ ಆ ಮೇಲಿನ ಮಹಡಿಗೆ ಹತ್ತಿಲ್ಲ. ಆದರೂ ಆ ಮಹಡಿಯ ಕಥೆಯನ್ನು ಈ ಕ್ಲಬ್ಬನ್ನು ಬಿಟ್ಟು ಹೇಳಿದರೆ ಅದು ಅರ್ಧ ಕಥೆ ಎಂದು ನಾನು ನಂಬಿದ್ದೇನೆ.

ಊರಿನ ಹೆಸರಿನಲ್ಲಿರುವ ಬಿಷಪ್ಪರು ನಿಜವಾದವರು. ಡರ್ಹಮ್‌ನ ಬಿಷಪ್ಪರು ಮಧ್ಯಯುಗದಲ್ಲಿ ಧರ್ಮಗುರುಗಳೂ ಹೌದು, ಆ ಸೀಮೆಯ ಅರಸರೂ ಹೌದು. ವಿಯರ್ ನದಿಯ ಮೇಲಿನ ದಿಬ್ಬದ ಆಕ್ಲೆಂಡ್ ಅರಮನೆ ಅವರ ನಿವಾಸವಾಗಿತ್ತು. 1879ರಲ್ಲಿ ಬಿಷಪ್ ಆಗಿ ಬಂದ ಜೆ. ಬಿ. ಲೈಟ್‌ಫುಟ್ ದೊಡ್ಡ ವಿದ್ವಾಂಸರು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಮುಗಿಸಿದ ತರುಣರನ್ನು ಅರಮನೆಗೇ ಕರೆಸಿಕೊಂಡು ಪಾದ್ರಿಗಳಾಗಲು ತಯಾರು ಮಾಡುತ್ತಿದ್ದರು. ಈ ತರುಣರು ತಮ್ಮ ಜತೆಗೆ ಫುಟ್‌ಬಾಲನ್ನೂ ತಂದರು. 1880ರ ದಶಕದಲ್ಲಿ ಚರ್ಚ್ ಸಂಸ್ಥೆಯೊಂದರ ತಂಡವಾಗಿ ಆಟ ಶುರುವಾಯಿತು, 1886ರಲ್ಲಿ ಅದು ಒಡೆದು ಬೇರೆ ಕ್ಲಬ್ಬು ಹುಟ್ಟಿತು. ಆಕ್ಸ್‌ಫರ್ಡಿನ ಕಡುನೀಲಿ, ಕೇಂಬ್ರಿಜಿನ ತಿಳಿನೀಲಿ ಎರಡನ್ನೂ ಸೇರಿಸಿ ಅಂಗಿ ಹೊಲಿಸಿದರು. ತಂಡಕ್ಕೆ ಇಂದಿಗೂ ಅವೇ ಬಣ್ಣಗಳು.

ಕಲಿತವರ ಆಟ ಗಣಿಯವರ ಆಟವಾಗಲು ಹೆಚ್ಚು ದಿನ ಹಿಡಿಯಲಿಲ್ಲ. ಆ ಕಾಲದ ದಕ್ಷಿಣ ಡರ್ಹಮ್ ಎಂದರೆ ಕಲ್ಲಿದ್ದಲು, ಕೋಕ್ ಕುಲುಮೆ, ರೈಲು. ಪಕ್ಕದ ಶಿಲ್ಡನ್ ಊರಿನಿಂದಲೇ 1825ರಲ್ಲಿ ಸ್ಟಾಕ್ಟನ್ ಮತ್ತು ಡಾರ್ಲಿಂಗ್‌ಟನ್ ರೈಲುಮಾರ್ಗದ ಉಗಿಬಂಡಿ ಹೊರಟಿದ್ದು. ಪ್ರತಿ ಗಣಿಗೊಂದು ಹಳ್ಳಿ, ಪ್ರತಿ ಹಳ್ಳಿಗೊಂದು ತಂಡ. ವಾರವಿಡೀ ನೆಲದಡಿಯ ಕತ್ತಲಲ್ಲಿ ಬಗ್ಗಿ ದುಡಿದವರಿಗೆ ಶನಿವಾರ ಮಧ್ಯಾಹ್ನದ ಬಯಲು ಎಷ್ಟು ದೊಡ್ಡದಾಗಿ ಕಂಡಿರಬೇಕು. ಅಲ್ಲೇ ಸ್ಪೆನಿಮೂರ್ ಊರಿನ ನಾರ್ಮನ್ ಕಾರ್ನಿಶ್ ಗಣಿ ಕೆಲಸ ಮಾಡುತ್ತಲೇ ಆ ಬೀದಿಗಳನ್ನೂ ಬೆನ್ನು ಬಾಗಿದ ಗಣಿಗಾರರನ್ನೂ ಬಿಡಿಸಿ ಹೆಸರಾದ. ಅವನ ಚಿತ್ರಗಳನ್ನು ನೋಡಿದವರಿಗೆ ಈ ಜನ ಯಾರೆಂದು ಬೇರೆ ಹೇಳಬೇಕಾಗಿಲ್ಲ.

1889ರಲ್ಲಿ ಹುಟ್ಟಿದ ನಾರ್ದರ್ನ್ ಲೀಗ್ ಆ ಸೀಮೆಯ ಕ್ಲಬ್ಬುಗಳ ಮನೆಯಾಯಿತು. ಜಗತ್ತಿನ ಅತ್ಯಂತ ಹಳೆಯ ಫುಟ್‌ಬಾಲ್ ಲೀಗುಗಳಲ್ಲಿ ಒಂದಾದ ಅದು ಈಗಲೂ ನಡೆಯುತ್ತಿದೆ. ಬಿಷಪ್ ಆಕ್ಲೆಂಡ್ 1988ರೊಳಗೆ ಅದನ್ನು 19 ಸಲ ಗೆದ್ದಿತು. ಆದರೆ ಕ್ಲಬ್ಬಿಗೆ ದೇಶದ ತುಂಬ ಹೆಸರು ತಂದದ್ದು ಅಮೆಚೂರ್ ಕಪ್. ದುಡ್ಡಿಗೆ ಆಡುವ ತಂಡಗಳು ಎಲ್ಲ ಹಂತದ ಕ್ಲಬ್ಬುಗಳಿಗೂ ತೆರೆದಿದ್ದ ಎಫ್.ಎ. ಕಪ್ಪನ್ನು ಪೂರ್ತಿ ಆಕ್ರಮಿಸಿಕೊಂಡ ಮೇಲೆ, ಸಂಬಳವಿಲ್ಲದೆ ಆಡುವವರಿಗಾಗಿಯೇ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 1893–94ರಲ್ಲಿ ಈ ಪಂದ್ಯಾವಳಿ ಶುರು ಮಾಡಿತು. ಬಿಷಪ್ ಆಕ್ಲೆಂಡ್ 18 ಸಲ ಅದರ ಫೈನಲ್ಲಿಗೆ ಹೋಯಿತು, 10 ಸಲ ಗೆದ್ದಿತು: 1896, 1900, 1914, 1921, 1922, 1935, 1939, ಆಮೇಲೆ ಸಾಲಾಗಿ 1955, 1956, 1957. ಬೇರೆ ಯಾರೂ ಇದರ ಹತ್ತಿರಕ್ಕೂ ಬರಲಿಲ್ಲ. ಐದೈದು ಸಲ ಗೆದ್ದ ಕ್ರೂಕ್ ಟೌನ್ ಮತ್ತು ಕ್ಲಾಪ್ಟನ್ ಎರಡನೆಯ ಸ್ಥಾನದಲ್ಲಿವೆ.

ಇಂಥ ಊರುಗಳ ಆ ಮೂಲೆಯಲ್ಲಿ ಫುಟ್‌ಬಾಲಿನ ಬೀಜ ಎಷ್ಟು ಗಟ್ಟಿಯಾಗಿತ್ತೆಂದರೆ, ಅಲ್ಲಿಂದ ಅದು ಕಡಲು ದಾಟಿ ಹೋಯಿತು. ಬಿಷಪ್ ಆಕ್ಲೆಂಡಿನ ಮಗ್ಗುಲಿನ ವೆಸ್ಟ್ ಆಕ್ಲೆಂಡ್ ಗಣಿ ಹಳ್ಳಿಯ ತಂಡ 1909ರಲ್ಲಿ ಇಟಲಿಯ ಟ್ಯೂರಿನ್ನಿಗೆ ಹೋಯಿತು. ಟೀ ವ್ಯಾಪಾರಿ ಥಾಮಸ್ ಲಿಪ್ಟನ್ ಕೊಟ್ಟ ಕಪ್ಪಿಗಾಗಿ ಬೇರೆ ಬೇರೆ ದೇಶಗಳ ಕ್ಲಬ್ಬುಗಳು ಅಲ್ಲಿ ಸೆಣಸುತ್ತಿದ್ದವು. ವಿಶ್ವಕಪ್ ಹುಟ್ಟಲು ಇನ್ನೂ 21 ವರ್ಷವಿತ್ತು. ಗಣಿಗಾರರು ಕಪ್ ಗೆದ್ದರು, 1911ರಲ್ಲಿ ಮತ್ತೆ ಹೋಗಿ ಫೈನಲ್ಲಿನಲ್ಲಿ ಯುವೆಂಟಸ್ ತಂಡವನ್ನು 6–1ರಿಂದ ಸೋಲಿಸಿದರು. ಎರಡು ಸಲ ಗೆದ್ದವರಿಗೆ ಕಪ್ ಕಾಯಂ. ಆದರೆ ಪ್ರಯಾಣದ ಖರ್ಚು ಕ್ಲಬ್ಬನ್ನು ಮುಳುಗಿಸಿತು. ಊರಿನ ಹೋಟೆಲಿನ ಒಡತಿಯ ಬಳಿ ನಲವತ್ತು ಪೌಂಡಿಗೆ ಕಪ್ಪನ್ನು ಒಪ್ಪಿಸಬೇಕಾಯಿತು. ಅದು ಊರಿಗೆ ವಾಪಸು ಬಂದದ್ದು 1960ರಲ್ಲಿ, ನೂರು ಪೌಂಡ್ ಕೊಟ್ಟ ಮೇಲೆ. 1994ರಲ್ಲಿ ಕಳ್ಳರು ಅದನ್ನು ಹೊತ್ತುಕೊಂಡು ಹೋದರು, ಈಗ ಇರುವುದು ಅದರ ಪ್ರತಿರೂಪ.

1909ರ ತಂಡದಲ್ಲಿ ಅತಿಥಿಯಾಗಿ ಆಡಿದವರಲ್ಲಿ ಕ್ರೂಕ್ ಊರಿನ ಜ್ಯಾಕ್ ಗ್ರೀನ್‌ವೆಲ್ ಒಬ್ಬ. ಗಣಿ ಕೆಲಸದ ಹುಡುಗ. ಕೆಲ ವರ್ಷಗಳಲ್ಲಿ ಬಾರ್ಸಿಲೋನ ಸೇರಿ ಅಲ್ಲಿ ಆಡಿದ, 1917ರಲ್ಲಿ ಆ ಕ್ಲಬ್ಬಿನ ಮ್ಯಾನೇಜರ್ ಆದ. ಅಂಗಳದಲ್ಲಿ ಚೆಂಡನ್ನು ಹಿಂದಿನಿಂದ ಕಟ್ಟಿಕೊಂಡು ಬರುವ ಆಟವನ್ನು ಬಾರ್ಸಿಲೋನಕ್ಕೆ ಕಲಿಸಿದವರ ಸಾಲಿನಲ್ಲಿ ಅವನ ಹೆಸರು ಮೊದಲಿಗೇ ಬರುತ್ತದೆ. 1930ರ ದಶಕದಲ್ಲಿ ಮತ್ತೆ ಅದೇ ಹುದ್ದೆಗೆ ಬಂದ, ಆಮೇಲೆ ದಕ್ಷಿಣ ಅಮೆರಿಕಕ್ಕೆ ಹೋಗಿ 1939ರಲ್ಲಿ ಪೆರು ದೇಶಕ್ಕೆ ಖಂಡದ ಚಾಂಪಿಯನ್‌ಷಿಪ್ ಗೆಲ್ಲಿಸಿಕೊಟ್ಟ. ಅವನ ನಂಟಿನಿಂದಲೇ ಕ್ರೂಕ್ ಟೌನ್ ಬಾರ್ಸಿಲೋನಕ್ಕೆ ಹಲವು ಸಲ ಹೋಗಿ ಆಡಿ ಬಂತು. ಮೆಸ್ಸಿಯ ಹೆಸರು ಹೇಳಿ ಬಾರ್ಸಿಲೋನವನ್ನು ಆರಾಧಿಸುವವರಿಗೆ ಕ್ರೂಕ್ ಎಂಬ ಊರು ಇದೆಯೆಂದೂ ಗೊತ್ತಿರುವುದಿಲ್ಲ. ಗೊತ್ತಾಗಲಿ ಎಂಬುದು ನನ್ನ ಆಸೆ.

ಇಲ್ಲಿ ದುಡ್ಡಿನ ಮಾತು ಬರಲೇಬೇಕು. ಹವ್ಯಾಸಿ ಆಟಗಾರನಿಗೆ ಪ್ರಯಾಣದ ಖರ್ಚು ಬಿಟ್ಟು ಬಿಡಿಗಾಸೂ ಸಿಗಕೂಡದು ಎಂಬುದು ನಿಯಮ. ಅದನ್ನು ಬರೆದವರು ಉಣ್ಣಲು ಉಡಲು ಕೊರತೆಯಿಲ್ಲದ ಮನೆಗಳವರು. ಗಣಿಗಾರನಿಗೆ ಒಂದು ಪಾಳಿ ತಪ್ಪಿದರೆ ಆ ದಿನದ ಕೂಲಿ ಹೋಯಿತು, ಪೆಟ್ಟಾದರೆ ವಾರಗಟ್ಟಲೆ ಮನೆಯಲ್ಲಿ ಕೂರಬೇಕು. ಹಾಗಾಗಿ ಆಟ ಮುಗಿಸಿ ಬಂದವನ ಬೂಟಿನೊಳಗೆ ನೋಟು ತುರುಕಿಡುವ ಪದ್ಧತಿ ಬೆಳೆಯಿತು. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. 1928ರಲ್ಲಿ ಡರ್ಹಮ್ ಫುಟ್‌ಬಾಲ್ ಸಂಸ್ಥೆ ತನಿಖೆಗೆ ಇಳಿದು ಕ್ರೂಕ್ ಟೌನನ್ನು ಅಮಾನತು ಮಾಡಿತು, ಸುತ್ತಲಿನ ಊರುಗಳ ನೂರಾರು ಆಟಗಾರರಿಗೆ ಶಿಕ್ಷೆ ವಿಧಿಸಿತು. ಅಷ್ಟಾದರೂ ಬೂಟಿನ ನೋಟು ನಿಲ್ಲಲಿಲ್ಲ.

ಇನ್ನೊಂದು ಕಡೆಯಿಂದ ನೋಡಿದರೆ ಅದು ನಿಲ್ಲಬೇಕಾದ ಕಾರಣವೂ ಇರಲಿಲ್ಲ. ವೃತ್ತಿಪರ ಆಟಗಾರರ ಸಂಬಳಕ್ಕೇ ಆಗ ಮೇಲ್ಮಿತಿ ಇತ್ತು. 1961ರಲ್ಲಿ ಅದನ್ನು ತೆಗೆದುಹಾಕುವಾಗ ಮಿತಿ ವಾರಕ್ಕೆ 20 ಪೌಂಡ್. ಒಳ್ಳೆಯ ಕೆಲಸವಿದ್ದು, ಅದರ ಮೇಲೆ ಬೂಟಿನ ನೋಟೂ ಸಿಗುವ ಮೇಷ್ಟರಿಗೆ ದೊಡ್ಡ ಕ್ಲಬ್ಬು ಸೇರಿ ಕಳೆದುಕೊಳ್ಳುವುದೇ ಹೆಚ್ಚಾಗಿತ್ತು. ಹೀಗಾಗಿ 1950ರ ದಶಕದಲ್ಲಿ ಬಿಷಪ್ ಆಕ್ಲೆಂಡಿನ ಅಂಗಿ ತೊಟ್ಟವರಲ್ಲಿ ವೃತ್ತಿಪರ ತಂಡಗಳಿಗೆ ಸಮ ನಿಲ್ಲುವವರು ಹಲವರಿದ್ದರು. ಎಲ್ಲರೂ ಊರಿನ ಹುಡುಗರಲ್ಲ, ಮ್ಯಾಂಚೆಸ್ಟರಿನ ಕಡೆಯಿಂದಲೂ ಬರುತ್ತಿದ್ದರು. ನಮ್ಮಲ್ಲಿ ಎಚ್.ಎ.ಎಲ್., ಐ.ಟಿ.ಐ., ರೈಲ್ವೆ, ಬ್ಯಾಂಕುಗಳು ಆಟಗಾರರಿಗೆ ಕೆಲಸ ಕೊಟ್ಟು ತಂಡ ಕಟ್ಟಿದ್ದನ್ನು ಕಂಡವರಿಗೆ ಈ ಲೆಕ್ಕಾಚಾರ ಹೊಸದಲ್ಲ. ನಿಯಮ ಕುಲೀನರದು, ಹೊಟ್ಟೆ ಎಲ್ಲರದು. ನಡುವೆ ಜನ ದಾರಿ ಹುಡುಕಿಕೊಂಡರು, ಆ ದಾರಿಯನ್ನು ಕಳ್ಳತನ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಆ ತಂಡದ ಜೀವಾಳ ಬಾಬ್ ಹಾರ್ಡಿಸ್ಟಿ. 1921ರಲ್ಲಿ ಹುಟ್ಟಿದ ಈ ಶಿಕ್ಷಕ ಅಂಗಳದ ನಡುವೆ ನಿಂತು ಇಡೀ ಆಟವನ್ನು ನಡೆಸುತ್ತಿದ್ದ. ಬ್ರಿಟನ್ ಪರವಾಗಿ 1948, 1952, 1956ರ ಮೂರೂ ಒಲಿಂಪಿಕ್ಸ್ ತಂಡಗಳಲ್ಲಿದ್ದ. ಇದರಲ್ಲಿ 1948ರ ಲಂಡನ್ ಒಲಿಂಪಿಕ್ಸ್ ನಮಗೂ ತಾಗುತ್ತದೆ.

1948ರ ಜುಲೈ 31ರಂದು ಸ್ವತಂತ್ರ ಭಾರತ ತನ್ನ ಮೊದಲ ಒಲಿಂಪಿಕ್ ಫುಟ್‌ಬಾಲ್ ಪಂದ್ಯ ಆಡಿತು. ಎದುರಾಳಿ ಫ್ರಾನ್ಸ್. ಪಂದ್ಯ ನಡೆದದ್ದು ಲಂಡನ್ನಿನ ಅಂಚಿನ ಇಲ್ಫರ್ಡಿನಲ್ಲಿ, ಇಲ್ಫರ್ಡ್ ಎಂಬ ಹವ್ಯಾಸಿ ಕ್ಲಬ್ಬಿನ ಅಂಗಳದಲ್ಲಿ. ನಮ್ಮ ಹನ್ನೊಂದು ಮಂದಿಯಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಭಾರತಕ್ಕೆ ಸಿಕ್ಕ ಎರಡು ಪೆನಾಲ್ಟಿಗಳು ಗೋಲಾಗಲಿಲ್ಲ. ಆದರೂ ಒಂದು ಗೋಲು ಬಂತು, ಅದನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಜತೆಗೆ ಆಡಿದವರಲ್ಲಿ ಬೆಂಗಳೂರಿನವರೇ ಆದ ಅಹ್ಮದ್ ಖಾನ್ ಇದ್ದರು, ಮುಂದೆ ಕಲ್ಕತ್ತದ ಈಸ್ಟ್ ಬೆಂಗಾಲ್ ತಂಡದ ಪ್ರಸಿದ್ಧ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರಾದವರು. ಆಟ ಮುಗಿಯುವ ಹೊತ್ತಿಗೆ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2–1ರಿಂದ ಗೆದ್ದಿತು. ಐದು ದಿನಗಳ ನಂತರ ಅದೇ ಫ್ರಾನ್ಸ್ ತಂಡವನ್ನು ಬ್ರಿಟನ್ 1–0ಯಿಂದ ಹೊರಗೆ ಹಾಕಿತು. ಆ ಒಂದು ಗೋಲು ಹಾರ್ಡಿಸ್ಟಿಯದು. ಬ್ರಿಟನ್ ತಂಡದ ಮ್ಯಾನೇಜರ್ ಮ್ಯಾಟ್ ಬಸ್ಬಿ, ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಗುರು. ರಾಮನ್ ಗೋಲು ಹೊಡೆದ ಆ ಅಂಗಳದ ಜಾಗದಲ್ಲಿ ಈಗ ಮನೆಗಳೆದ್ದಿವೆ. ಮೈಸೂರು ಸಂಸ್ಥಾನದ ಆಟಗಾರನೊಬ್ಬ ಅಂಥ ಕಡೆ ಇತಿಹಾಸ ಬರೆದದ್ದಕ್ಕೆ ಅಲ್ಲೊಂದು ಫಲಕವಾದರೂ ಇರಬೇಕಿತ್ತು, ಇಲ್ಲಿ ಬೆಂಗಳೂರಿನಲ್ಲಿ ಅದಕ್ಕಿಂತ ದೊಡ್ಡದಿರಬೇಕಿತ್ತು.

ವೆಂಬ್ಲಿಯ ದಾರಿ ಬಿಷಪ್ ಆಕ್ಲೆಂಡಿಗೆ ಸುಲಭದ್ದಾಗಿರಲಿಲ್ಲ. 1950ರ ಫೈನಲ್ಲಿನಲ್ಲಿ ಅದೇ ಸೀಮೆಯ ವಿಲ್ಲಿಂಗ್‌ಟನ್ 4–0ಯಿಂದ ಬಗ್ಗುಬಡಿಯಿತು. ಮರುವರ್ಷ ಮತ್ತೆ ಫೈನಲ್, ಈ ಸಲ ಒಂದು ಲಕ್ಷ ಜನ. ಎದುರಿಗೆ ನಿಂತದ್ದು ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿದ್ಯಾರ್ಥಿಗಳ ಜಂಟಿ ತಂಡ ಪೆಗಸಸ್. ಆಕ್ಸ್‌ಫರ್ಡಿನ ರಸಾಯನಶಾಸ್ತ್ರಜ್ಞ ಹೆರಾಲ್ಡ್ ಥಾಂಪ್ಸನ್ 1948ರಲ್ಲಿ ಕಟ್ಟಿದ ತಂಡ ಅದು. ಆ ಎರಡು ವಿಶ್ವವಿದ್ಯಾಲಯಗಳ ಬಣ್ಣ ತೊಟ್ಟ ಗಣಿ ಸೀಮೆಯವರನ್ನು ಆ ವಿಶ್ವವಿದ್ಯಾಲಯಗಳ ಹುಡುಗರೇ 2–1ರಿಂದ ಸೋಲಿಸಿದರು. 1954ರಲ್ಲಿ ಕ್ರೂಕ್. ಮೂರು ಫೈನಲ್, ಮೂರು ಸೋಲು. ಅಲ್ಲಿಗೆ ಕೈಚೆಲ್ಲಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ.

ಅವರು ಕೈಚೆಲ್ಲಲಿಲ್ಲ. 1954–55ರ ಋತುವಿನ ಎಫ್.ಎ. ಕಪ್ಪಿನಲ್ಲಿ ವೃತ್ತಿಪರ ತಂಡವಾದ ಕ್ರಿಸ್ಟಲ್ ಪ್ಯಾಲೆಸನ್ನು 4–2ರಿಂದ ಸೋಲಿಸಿದರು. ಮೂರನೆಯ ಸುತ್ತಿನಲ್ಲಿ ಎರಡನೆಯ ಡಿವಿಷನ್ನಿನ ಇಪ್ಸ್‌ವಿಚ್ ಟೌನ್ ಎದುರು 2–2 ಮಾಡಿ, ಊರಿನಲ್ಲಿ ನಡೆದ ಮರುಪಂದ್ಯದಲ್ಲಿ 3–0ಯಿಂದ ಗೆದ್ದರು. ನಾಲ್ಕನೆಯ ಸುತ್ತಿನಲ್ಲಿ ಯಾರ್ಕ್ ಸಿಟಿ ತಡೆಯಿತು, ಆ ವರ್ಷ ಯಾರ್ಕ್ ಸೆಮಿಫೈನಲ್ಲಿನವರೆಗೂ ಹೋಯಿತು. ಅದೇ ಋತುವಿನ ಅಮೆಚೂರ್ ಕಪ್ ಫೈನಲ್ಲಿನಲ್ಲಿ ಹೆಂಡನ್ ಮೇಲೆ 2–0 ಗೆಲುವು. ಮರುವರ್ಷ ಕೊರಿಂಥಿಯನ್ ಕ್ಯಾಷುವಲ್ಸ್ ಎದುರು ಮರುಪಂದ್ಯದಲ್ಲಿ 4–1. 1957ರಲ್ಲಿ ವಿಕಮ್ ವಾಂಡರರ್ಸ್ ಎದುರು 3–1. ಅಮೆಚೂರ್ ಕಪ್ಪನ್ನು ಸತತ ಮೂರು ವರ್ಷ ಇನ್ಯಾರೂ ಗೆದ್ದಿಲ್ಲ. ಕ್ಲಬ್ಬಿನ ತವರು ಅಂಗಳವಾದ ಕಿಂಗ್ಸ್‌ವೇ ಆಗ ಹೇಗಿತ್ತೆಂದರೆ, ಕ್ರಿಕೆಟ್ ಕ್ಲಬ್ಬಿನ ಜತೆ ಹಂಚಿಕೊಂಡ ಜಾಗವಾದ್ದರಿಂದ ಮೂರು ಬದಿಗಷ್ಟೇ ಜನ ನಿಲ್ಲಬಹುದಿತ್ತು, ನಾಲ್ಕನೆಯ ಬದಿ ಕ್ರಿಕೆಟಿಗೆ ಬಿಟ್ಟ ಬಯಲು. ದೇಶದ ಅತಿ ದೊಡ್ಡ ಹವ್ಯಾಸಿ ತಂಡಕ್ಕೆ ನಾಲ್ಕು ಗೋಡೆಯ ಮನೆಯೂ ಇರಲಿಲ್ಲ.

ಮರುವರ್ಷ, 1958ರ ಫೆಬ್ರವರಿ 6ರಂದು, ಬೆಲ್‌ಗ್ರೇಡಿನಲ್ಲಿ ಆಡಿ ಹಿಂದಿರುಗುತ್ತಿದ್ದ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ವಿಮಾನ ಇಂಧನಕ್ಕೆಂದು ಮ್ಯೂನಿಕ್‌ನಲ್ಲಿ ಇಳಿದು, ಕೆಸರುಹಿಮದ ರನ್‌ವೇಯಿಂದ ಏರಲಾರದೆ ಅಪ್ಪಳಿಸಿತು. 23 ಮಂದಿ ಸತ್ತರು. ಅವರಲ್ಲಿ ಎಂಟು ಮಂದಿ ಆಟಗಾರರು. ಬಸ್ಬಿ ಜರ್ಮನಿಯ ಆಸ್ಪತ್ರೆಯಲ್ಲಿ ಸಾವು ಬದುಕಿನ ನಡುವೆ ಮಲಗಿದ್ದರು. ಸಹಾಯಕ ಜಿಮ್ಮಿ ಮರ್ಫಿಯ ಹೆಗಲಿಗೆ ಎಲ್ಲವೂ ಬಿತ್ತು. ಬದುಕಿ ಬಂದವರನ್ನೂ ಮೀಸಲು ತಂಡದ ಹುಡುಗರನ್ನೂ ಸೇರಿಸಿ ಮೊದಲ ತಂಡವನ್ನೇನೋ ಕಟ್ಟಬಹುದಿತ್ತು. ಆದರೆ ಮೀಸಲು ತಂಡದವರೆಲ್ಲ ಮೇಲಕ್ಕೆ ಹೋದರೆ ಮೀಸಲು ತಂಡದ ಪಂದ್ಯಗಳನ್ನು ಆಡುವವರಾರು? ಅವೂ ತಪ್ಪುವಂತಿರಲಿಲ್ಲ.

ಬಿಷಪ್ ಆಕ್ಲೆಂಡ್ ಮೂವರನ್ನು ಕಳಿಸಿತು: ಹಾರ್ಡಿಸ್ಟಿ, ಡೆರೆಕ್ ಲೆವಿನ್, ವಾರನ್ ಬ್ರ್ಯಾಡ್ಲಿ. ಹಾರ್ಡಿಸ್ಟಿ ಆಗಲೇ ಆಟ ಬಿಟ್ಟಿದ್ದ, ವಯಸ್ಸು 37. ಮತ್ತೆ ಬೂಟು ಕಟ್ಟಿದ. ಅವನೂ ಲೆವಿನ್ನೂ ಮೀಸಲು ತಂಡದಲ್ಲಿ ಎಳೆಯ ಹುಡುಗರ ಪಕ್ಕ ನಿಂತು ಆಡಿದರು. ದೊಡ್ಡ ಕ್ಲಬ್ಬಿನ ದಾಖಲೆ ಪುಸ್ತಕದಲ್ಲಿ ಮೀಸಲು ಪಂದ್ಯಗಳಿಗೆ ಸಿಗುವ ಜಾಗ ಕಡಿಮೆ, ಆದ್ದರಿಂದ ಈ ಇಬ್ಬರ ಹೆಸರನ್ನು ಹೇಳುವವರೂ ಕಡಿಮೆ. ಮನೆಯಲ್ಲಿ ಸಾವಾದಾಗ ಒಲೆ ಹಚ್ಚದ ಮನೆಗೆ ಅಕ್ಕಪಕ್ಕದವರು ಅನ್ನ ಸಾರು ತಂದಿಟ್ಟು ಹೋಗುತ್ತಾರಲ್ಲ, ಈ ಆಟಗಾರರು ಮಾಡಿದ್ದು ಆ ಕೆಲಸ.

ಬ್ರ್ಯಾಡ್ಲಿಯ ಕಥೆ ಮಾತ್ರ ಮುಂದಕ್ಕೆ ಹೋಯಿತು. ಡರ್ಹಮ್ ವಿಶ್ವವಿದ್ಯಾಲಯದಲ್ಲಿ ಓದಿದ ಈ ಬಲಬದಿಯ ವಿಂಗರ್ ಶಾಲಾ ಮೇಷ್ಟರು. ಸಹಾಯಕ್ಕೆಂದು ಬಂದವರು 1958ರ ಕೊನೆಗೆ ವೃತ್ತಿಪರರಾಗಿ ಯುನೈಟೆಡ್ ಮೊದಲ ತಂಡ ಸೇರಿದರು. 1959ರ ಮೇ ತಿಂಗಳಲ್ಲಿ ಇಟಲಿ ವಿರುದ್ಧ ಇಂಗ್ಲೆಂಡಿಗೆ ಆಡಿ ಗೋಲು ಹೊಡೆದರು. ಇಂಗ್ಲೆಂಡಿನ ಹವ್ಯಾಸಿ ತಂಡಕ್ಕೂ ಪೂರ್ಣ ತಂಡಕ್ಕೂ ಒಂದೇ ಋತುವಿನಲ್ಲಿ ಆಡಿದವರು ಅವರು. ಇಷ್ಟೆಲ್ಲ ನಡೆಯುವಾಗಲೂ ಪಾಠ ಹೇಳುವುದನ್ನು ಬಿಡಲಿಲ್ಲ, ಆಟ ಮುಗಿದ ಮೇಲೆ ಮ್ಯಾಂಚೆಸ್ಟರಿನಲ್ಲೇ ಮುಖ್ಯೋಪಾಧ್ಯಾಯರಾದರು.

ಊರಿನ ಏಳಿಗೆ ಅಲ್ಲಿಗೆ ಮುಗಿಯಿತು. 1957ರ ನಂತರ ಬಿಷಪ್ ಆಕ್ಲೆಂಡ್ ಅಮೆಚೂರ್ ಕಪ್ಪಿನ ಫೈನಲ್ಲಿಗೆ ಹೋಗಲೇ ಇಲ್ಲ. ಇದಕ್ಕೆ ಅಂಗಳದೊಳಗಿನ ಕಾರಣಗಳಿಗಿಂತ ಹೊರಗಿನವು ದೊಡ್ಡವು. ಡರ್ಹಮ್ ಕೌಂಟಿ ಆಡಳಿತ 1951ರಲ್ಲೇ ಯೋಜನೆಯೊಂದನ್ನು ಬರೆದಿತ್ತು. ಗಣಿ ಬರಿದಾಗುವ ನೂರಕ್ಕೂ ಹೆಚ್ಚು ಹಳ್ಳಿಗಳನ್ನು ನಾಲ್ಕನೆಯ ದರ್ಜೆಗೆ ಹಾಕಿ, ಅಲ್ಲಿ ಹೊಸ ಮನೆಯಾಗಲಿ ಹೊಸ ಬಂಡವಾಳವಾಗಲಿ ಬೇಡವೆಂದು ತೀರ್ಮಾನಿಸಿತ್ತು. ಹಳ್ಳಿಗಳು ತಾವಾಗಿ ಸಾಯಲಿ ಎಂಬುದೇ ಅದರ ಅರ್ಥ. ಜನ ಅದನ್ನು ಎಂದೂ ಕ್ಷಮಿಸಲಿಲ್ಲ. 1960ರ ದಶಕದಲ್ಲಿ ಗಣಿಗಳು ಒಂದಾದ ಮೇಲೊಂದು ಮುಚ್ಚಿದವು, ಅದೇ ದಶಕದಲ್ಲಿ ಹಲವು ರೈಲು ಮಾರ್ಗಗಳೂ ಹೋದವು. ಕಾರು ಬಂದವರು ಶನಿವಾರ ನ್ಯೂಕ್ಯಾಸಲ್ಲಿಗೋ ಸಂಡರ್ಲೆಂಡಿಗೋ ಹೋದರು, ಉಳಿದವರ ಮನೆಗೆ ಟಿವಿ ಬಂತು. 1961ರಲ್ಲಿ ಸಂಬಳದ ಮಿತಿ ಹೋದ ಮೇಲೆ ಒಳ್ಳೆಯ ಆಟಗಾರನಿಗೆ ಹವ್ಯಾಸಿಯಾಗಿ ಉಳಿಯಲು ಕಾರಣವೇ ಇಲ್ಲವಾಯಿತು.

1974ರಲ್ಲಿ ಫುಟ್‌ಬಾಲ್ ಸಂಸ್ಥೆ ಹವ್ಯಾಸಿ, ವೃತ್ತಿಪರ ಎಂಬ ಭೇದವನ್ನೇ ಅಳಿಸಿತು. ಎಲ್ಲರೂ ಬರೀ ಆಟಗಾರರು. ಅಮೆಚೂರ್ ಕಪ್ಪಿನ ಕೊನೆಯ ಫೈನಲ್ಲಿನಲ್ಲಿ ಬಿಷಪ್ಸ್ ಸ್ಟಾರ್ಟ್‌ಫರ್ಡ್ 4–1ರಿಂದ ಗೆದ್ದಿತು, ಸೋತದ್ದು ರಾಮನ್ ಗೋಲು ಹೊಡೆದಿದ್ದ ಅಂಗಳದ ಇಲ್ಫರ್ಡ್. ಸುಳ್ಳೊಂದು ಕೊನೆಗೊಂಡಿತು, ಆಗಬೇಕಾದದ್ದೇ ಆಯಿತು. ಆದರೆ ಆ ಸುಳ್ಳಿನ ಜತೆ ವೆಂಬ್ಲಿಯಲ್ಲಿ ಒಂದು ಲಕ್ಷ ಜನರೆದುರು ಆಡುವ ಅವಕಾಶವೂ ಗಣಿ ಊರುಗಳ ಕೈತಪ್ಪಿತು.

ಒಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. 1935ರ ಫೈನಲ್ಲಿನಲ್ಲಿ ಬಿಷಪ್ ಆಕ್ಲೆಂಡಿಗೆ ಸೋತ ವಿಂಬಲ್ಡನ್ 1977ರಲ್ಲಿ ಫುಟ್‌ಬಾಲ್ ಲೀಗ್ ಸೇರಿತು, 1988ರಲ್ಲಿ ಲಿವರ್‌ಪೂಲನ್ನು ಸೋಲಿಸಿ ಎಫ್.ಎ. ಕಪ್ ಗೆದ್ದಿತು. 1957ರಲ್ಲಿ ಸೋತ ವಿಕಮ್ ವಾಂಡರರ್ಸ್ 1993ರಲ್ಲಿ ಲೀಗ್ ಸೇರಿತು. ಗೆದ್ದವರು ಯಾಕೆ ಕೆಳಗೇ ಉಳಿದರು? ಸೋತವರಿಬ್ಬರೂ ಲಂಡನ್ ಮತ್ತು ಅದರ ಸುತ್ತಲಿನ ಸೀಮೆಯವರು, ಅಲ್ಲಿ ಜನಸಂಖ್ಯೆ ಬೆಳೆಯುತ್ತಿತ್ತು, ಹಣವೂ ಬೆಳೆಯುತ್ತಿತ್ತು. ಬಿಷಪ್ ಆಕ್ಲೆಂಡಿನಲ್ಲಿ ಎರಡೂ ಇಳಿಯುತ್ತಿದ್ದವು. ಅದರ ಮೇಲೆ ನಾರ್ದರ್ನ್ ಲೀಗಿನ ಹಟ ಬೇರೆ. 1979ರಲ್ಲಿ ದೇಶದ ನಾನ್‌ಲೀಗ್ ಕ್ಲಬ್ಬುಗಳಿಗೆಲ್ಲ ಒಂದೇ ಮೆಟ್ಟಿಲ ಸಾಲು ಕಟ್ಟುವ ಕೆಲಸ ಆರಂಭವಾದಾಗ ನಾರ್ದರ್ನ್ ಲೀಗ್ ಒಳಗೆ ಬರಲಿಲ್ಲ. ತನ್ನ ಊರುಗಳು ತನ್ನಲ್ಲೇ ಇರಲಿ, ದೂರದ ಪ್ರಯಾಣದ ಖರ್ಚು ಬೇಡ ಎಂಬ ಯೋಚನೆಯಲ್ಲಿ ಅರ್ಥವಿತ್ತು. 1987ರಿಂದ ಮೆಟ್ಟಿಲ ತುದಿಯ ಚಾಂಪಿಯನ್ನರಿಗೆ ಫುಟ್‌ಬಾಲ್ ಲೀಗಿಗೆ ನೇರ ಬಡ್ತಿ ಬಂತು. ಬಿಷಪ್ ಆಕ್ಲೆಂಡ್ 1988ರಲ್ಲಿ ಹಳೆಯ ಮನೆ ಬಿಟ್ಟು ನಾರ್ದರ್ನ್ ಪ್ರೀಮಿಯರ್ ಲೀಗಿಗೆ ಹೋಯಿತು. ನಾರ್ದರ್ನ್ ಲೀಗ್ ಕೊನೆಗೆ 1991ರಲ್ಲಿ ಮೆಟ್ಟಿಲ ಸಾಲಿಗೆ ಬಂತು, ಅಷ್ಟರಲ್ಲಿ ಅದಕ್ಕೆ ಸಿಕ್ಕ ಜಾಗ ತೀರಾ ಕೆಳಗಿನದಾಗಿತ್ತು.

1996ರಲ್ಲಿ ಕ್ಲಬ್ಬು ಮುಚ್ಚುವ ಹಂತಕ್ಕೆ ಬಂದಾಗ ಮ್ಯಾಂಚೆಸ್ಟರ್ ಯುನೈಟೆಡ್ ಅದರ ನಿಧಿಗಾಗಿ ಪಂದ್ಯ ಆಡಿಕೊಟ್ಟಿತು. 38 ವರ್ಷದ ಹಿಂದಿನ ಋಣವನ್ನು ಅವರು ಮರೆತಿರಲಿಲ್ಲ. ಆದರೆ ಹೊಸ ಶತಮಾನದ ಆರಂಭದಲ್ಲಿ ಕ್ಲಬ್ಬು ಕಿಂಗ್ಸ್‌ವೇಯನ್ನು ಬಿಟ್ಟಿತು, ಹೊಸ ಅಂಗಳ ಕಟ್ಟುವ ಯೋಜನೆ ವರ್ಷಗಟ್ಟಲೆ ಎಳೆಯಿತು. 2006ರಲ್ಲಿ ತಂಡ ಹಿಂಬಡ್ತಿ ಪಡೆದು ನಾರ್ದರ್ನ್ ಲೀಗಿಗೇ ಮರಳಿತು. ಹತ್ತು ಸಲ ದೇಶದ ಕಪ್ ಗೆದ್ದ ತಂಡಕ್ಕೆ ಸ್ವಂತ ಅಂಗಳವೇ ಇಲ್ಲದ ಕಾಲ ಅದು.

ಆ ವರ್ಷಗಳಲ್ಲಿ ಅಂಗಳ ಕೊಟ್ಟವರು ನೆರೆಯ ಕ್ಲಬ್ಬುಗಳು. ಶಿಲ್ಡನ್ ಕೊಟ್ಟಿತು, ವೆಸ್ಟ್ ಆಕ್ಲೆಂಡ್ ಕೊಟ್ಟಿತು. ಇವರೆಲ್ಲ ನೂರು ವರ್ಷದಿಂದ ಬಿಷಪ್ ಆಕ್ಲೆಂಡನ್ನು ಸೋಲಿಸಲೆಂದೇ ಮೈದಾನಕ್ಕೆ ಇಳಿದವರು. ಅಂಗಳ ಹಂಚಿಕೊಂಡರೆ ಹುಲ್ಲು ಎರಡು ಪಟ್ಟು ಸವೆಯುತ್ತದೆ, ಮಳೆಗಾಲದಲ್ಲಿ ಎರಡೂ ತಂಡಗಳ ಪಂದ್ಯ ಮುಂದೂಡಬೇಕಾಗುತ್ತದೆ. ಆದರೂ ಅವರು ಗೇಟು ತೆರೆದರು. ಬೆಂಬಲಿಗರು ಎದುರಾಳಿಗಳ ಊರಿಗೆ ಹೋಗಿ, ಎದುರಾಳಿಗಳ ಕ್ಯಾಂಟೀನಿನಲ್ಲಿ ಚಹಾ ಕುಡಿದು, ತಮ್ಮ ತಂಡದ ‘ತವರು’ ಪಂದ್ಯ ನೋಡಿ ಬರುತ್ತಿದ್ದರು. 2010ರಲ್ಲಿ ಊರಿನ ಅಂಚಿನಲ್ಲಿ ಹೆರಿಟೇಜ್ ಪಾರ್ಕ್ ಎಂಬ ಹೊಸ ಅಂಗಳ ತೆರೆಯಿತು. ಅದಕ್ಕೆ ನಾಲ್ಕೂ ಬದಿಗಳಿವೆ. ಪ್ರತಿ ವರ್ಷ ಬೇಸಿಗೆ ಮುಗಿಯುವ ಮೊದಲೇ ಎಫ್.ಎ. ಕಪ್ಪಿನ ಆರಂಭದ ಸುತ್ತುಗಳು ನಡೆಯುತ್ತವೆ. ಆ ಕಪ್ಪಿಗೆ ಇಳಿಯುವ ಏಳುನೂರಕ್ಕೂ ಹೆಚ್ಚು ಕ್ಲಬ್ಬುಗಳ ಪಟ್ಟಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಹೆಸರೂ ಇರುತ್ತದೆ, ಬಿಷಪ್ ಆಕ್ಲೆಂಡ್ ಹೆಸರೂ ಇರುತ್ತದೆ.